ಚೇಂಬರಿನ ಮೇಲೆ ಕೂತ ರೋಬೋಟ್

ಜಪಾನಿನಿಂದ ಬಂದ ರೋಬೋಟ್ ನಾನೇ.

ಹುಟ್ಟಿದ್ದು ವಾಮಂಜೂರಿನ ಕಾಲೊನಿಯಲ್ಲಿ. ಹೆಸರು ಹೇಮಾಕ್ಷಿ. ಪಡೀಲಿನ ಒಂದು ಕನ್ವೆನ್ಷನ್ ಹಾಲಿನಲ್ಲಿ ಕೆಲಸ. ನೆಲ ಗುಡಿಸುವುದು, ಕಕ್ಕಸು ತೊಳೆಯುವುದು, ಮದುವೆ ಊಟ ಮುಗಿದ ಮೇಲೆ ಎಂಜಲೆಲೆ ಎತ್ತುವುದು. ಜಪಾನ್ ಯಾವ ದಿಕ್ಕಿಗಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಭಾನುವಾರ ಮಂಗಳೂರಿನ ಓದಿದ ಜನ ಸಾಲು ಹಿಡಿದು ನಿಂತು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ಜಪಾನಿನದ್ದೇ ಎಂದು ನಂಬಿದರು. ಒಬ್ಬ ಲೆಕ್ಚರರ್ ಅಂತೂ ನನ್ನ ಮೊಣಕೈ ಬಗ್ಗಿಸಿ ನೋಡಿ, "ಅವರ ಫಿನಿಶಿಂಗೇ ಬೇರೆ" ಎಂದು ಹೆಂಡತಿಗೆ ಹೇಳಿದ. ಆ ಮೊಣಕೈ ನನ್ನದು. ಫಿನಿಶಿಂಗ್ ನಮ್ಮಮ್ಮನದ್ದು.

ಹಾಲಿನ ಎದುರು ಉದ್ದದ ಫ್ಲೆಕ್ಸ್ ಕಟ್ಟಿದ್ದರು. 'ವಿಶ್ವ ರೋಬೋಟ್ ಮೇಳ. ಲೋಕದ ರೋಬೋಟುಗಳೆಲ್ಲ ಒಂದೇ ಸೂರಿನಡಿ.' ಅದರಲ್ಲಿ ರೋಬೋಟುಗಳಿಗಿಂತ ದೊಡ್ಡದಾಗಿ ಲೋಕನಾಥಣ್ಣನ ಮುಖ ಇತ್ತು. ಲೋಕನಾಥಣ್ಣ ನಮ್ಮ ಕಂಟ್ರಾಕ್ಟರ್. ಹಾಲಿಗೆ ಕ್ಲೀನಿಂಗಿನ ಆಳು ಕೊಡುವವನು. ಮೊದಲು ಆಳು ಮಾತ್ರ ಕೊಡುತ್ತಿದ್ದ. ಆಮೇಲೆ ಪೆಂಡಾಲ್, ಆಮೇಲೆ ಕುರ್ಚಿ, ಈಗ ಮೇಳವನ್ನೇ ನಡೆಸುವಷ್ಟು ಬೆಳೆದಿದ್ದ. ಬೆಳೆಯಲಿ ಪಾಪ. ನಮ್ಮ ಬೆನ್ನು ಗಟ್ಟಿ ಇದೆ, ಅವನು ಅದರ ಮೇಲೆ ನಿಂತು ಬೆಳೆಯಬಹುದು.

ಫ್ಲೆಕ್ಸಿನಲ್ಲಿ 'ಜಪಾನಿನ ಮಾತಾಡುವ ರೋಬೋಟ್' ಎಂದು ಹಾಕಿಸಿಬಿಟ್ಟಿದ್ದ. ಅದು ಬರಲಿಲ್ಲ. ಬರಲಿಕ್ಕೆ ಯಾರಾದರೂ ಕರೆದಿರಬೇಕಲ್ಲ. ಕೊನೆಗೆ ಕೇರಳದಿಂದ ಒಂದು ವೇಷ ತರಿಸಿದ. ಈಗೀಗ ಮದುವೆಗಳಲ್ಲಿ ಮದುಮಗನ ಮುಂದೆ ಲೈಟು ಮಿನುಗಿಸಿಕೊಂಡು ಕುಣಿಯುತ್ತದಲ್ಲ, ಅಂಥದ್ದು. ಫೋಮು, ಫೈಬರು, ಬೆಳ್ಳಿ ಬಣ್ಣ, ಕಣ್ಣಿನಲ್ಲಿ ನೀಲಿ ಬಲ್ಬು. ಒಳಗೆ ಒಬ್ಬರು ನಿಲ್ಲಬೇಕು.

"ಹೇಮಾ, ನೀನೇ ಆಗ್ಬೇಕು. ಹುಡುಗರ ಹೊಟ್ಟೆ ಅದರಲ್ಲಿ ಹಿಡಿಯುದಿಲ್ಲ" ಎಂದ.

"ನನಗೆ ರೋಬೋಟಿಂದು ಎಂತ ಗೊತ್ತುಂಟು ಲೋಕನಾಥಣ್ಣ?"

"ಎಂತ ಗೊತ್ತಾಗ್ಲಿಕ್ಕುಂಟು ಮಾರಾಯ್ತಿ? ಹೇಳಿದ ಹಾಗೆ ಕೇಳುದು. ಬಾಯಿ ಮುಚ್ಚಿ ನಿಲ್ಲುದು. ಸುಸ್ತಾದ್ರೂ ಹೇಳದೆ ಇರುದು. ನಿನಗೆ ಅಭ್ಯಾಸ ಉಂಟಲ್ಲ."

ಅವನು ತಮಾಷೆ ಮಾಡಿದ್ದಲ್ಲ. ನಿಜವಾಗಿಯೂ ಹಾಗೇ ತಿಳಿದಿದ್ದ.

ವೇಷದ ತಲೆಯೊಳಗೆ ಒಂದು ಸಣ್ಣ ಫ್ಯಾನು ಇತ್ತು. ತಿರುಗುತ್ತಿರಲಿಲ್ಲ. ಕತ್ತಿನ ಹತ್ತಿರ ಅಂಗೈಯಗಲದ ಕಪ್ಪು ಬಲೆ. ನೋಡುವುದೂ ಅದರಲ್ಲೇ, ಉಸಿರಾಡುವುದೂ ಅದರಲ್ಲೇ. ಹಿಂದೆ ಯಾರೋ ಹಾಕಿ ಬೆವರಿದ ವಾಸನೆ ಫೋಮಿನಲ್ಲಿ ಹಾಗೇ ಕೂತಿತ್ತು. ಹೆಗಲಿಗೆ ಬ್ಯಾಟರಿಯ ಭಾರ. ಕೈ ಎತ್ತಿದರೆ ಕಂಕುಳ ಕೆತ್ತುತ್ತಿತ್ತು.

"ಗಾಳಿ ಬರುದಿಲ್ಲ ಲೋಕನಾಥಣ್ಣ."

"ಬರ್ತದೆ, ಬರ್ತದೆ. ಫಾರಿನ್ ಮಾಲು ಅದು. ಹೊರಗಿನ ವಾಸನೆ ಒಳಗೆ ಬರ್ಲಿಕ್ಕಿಲ್ಲ, ಒಳಗಿನದ್ದು ಹೊರಗೆ ಹೋಗ್ಲಿಕ್ಕಿಲ್ಲ. ಮತ್ತೆ ಕೇಳು. ಒಳಗೆ ಯಾರಿದ್ದಾರೆ ಅಂತ ಒಬ್ಬನಿಗೂ ಗೊತ್ತಾಗ್ಬಾರ್ದು. ಗೊತ್ತಾದ್ರೆ ನನ್ನ ಮಾನ ಹೋಯ್ತು."

ತನ್ನ ಮಾನವನ್ನು ಅವನೇ ನನ್ನ ಕೈಯಲ್ಲಿ ಕೊಟ್ಟ. ಆಗ ನನಗೂ ಅದು ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

ವೇಷ ಹಾಕುವ ಮೊದಲು ನಾನೂ ನನ್ನ ತಮ್ಮ ಯೋಗೀಶನೂ ಸ್ಟಾಲುಗಳನ್ನೆಲ್ಲ ಒರೆಸಿದೆವು. ಅವನಿಗೂ ಅದೇ ಹಾಲಿನಲ್ಲಿ ಕೆಲಸ. ಹೆಂಡತಿ ಬಸುರಿ. ಒಂದು ಸ್ಟಾಲಿನ ಎದುರು ಅವನು ಬಟ್ಟೆ ಕೈಯಲ್ಲಿ ಹಿಡಿದು ನಿಂತೇಬಿಟ್ಟ. ಅಲ್ಲಿದ್ದದ್ದು ಜೇಡನ ಹಾಗೆ ಕಾಲು ಚಾಚಿದ ಒಂದು ಯಂತ್ರ. ನಡುವಿನಲ್ಲಿ ಉದ್ದದ ಕಬ್ಬಿಣದ ಕೈ, ಕೈಯ ತುದಿಗೆ ಬಕೆಟ್ಟು, ಬಕೆಟ್ಟಿನ ಮೇಲೆ ಕ್ಯಾಮರಾ. ಡ್ರೈನೇಜಿನ ಗುಂಡಿಗೆ ಮನುಷ್ಯ ಇಳಿಯುವ ಬದಲು ಅದೇ ಇಳಿಯುತ್ತದಂತೆ. ಮೇಲಿನ ಬೋರ್ಡಿನಲ್ಲಿ, 'ಇನ್ನು ಮುಂದೆ ಯಾವ ತಾಯಿಯೂ ಮಗನನ್ನು ಕಳೆದುಕೊಳ್ಳಬೇಕಿಲ್ಲ' ಎಂದು ಬರೆದಿತ್ತು.

"ಅಕ್ಕ, ಅಪ್ಪನ ಕಾಲಕ್ಕೆ ಇದು ಬರ್ಬೇಕಿತ್ತು" ಎಂದ ಯೋಗೀಶ. ಬಕೆಟ್ಟಿನ ಅಂಚನ್ನು ಮೆಲ್ಲಗೆ ಮುಟ್ಟಿದ.

"ಹಲೋ, ಕೈ ಹಾಕ್ಬೇಡ" ಎಂದು ಸ್ಟಾಲಿನ ಹುಡುಗ ಓಡಿ ಬಂದ. ಜೇಸನ್ ಎಂದು ಕೊರಳಿನ ಕಾರ್ಡಿನಲ್ಲಿತ್ತು. ಆ ಯಂತ್ರ ಮಾರುವ ಕಂಪೆನಿಯವನು. ಯೋಗೀಶ ಮುಟ್ಟಿದ ಜಾಗವನ್ನು ಟಿಶ್ಯೂವಿನಲ್ಲಿ ಒರೆಸಿದ. ಹೇಲು ಎತ್ತುವ ಯಂತ್ರ ಅದು. ನಮ್ಮ ಕೈ ತಾಗಿ ಕೊಳೆಯಾಯಿತು.

ನಮ್ಮಪ್ಪ ಮಾಯಿಲಪ್ಪ. ಕುಲಶೇಖರದಲ್ಲಿ ಒಂದು ಫ್ಲ್ಯಾಟಿನ ಗುಂಡಿಗೆ ಇಳಿದ. ಹತ್ತಿ ಬರಲಿಲ್ಲ. ಮೇಲೆ ತೆಗೆದಾಗ ಬಾಯಿ, ಮೂಗು, ಕಿವಿ ಎಲ್ಲ ತುಂಬಿತ್ತು. ಅಮ್ಮ ಸೆರಗಿನಲ್ಲಿ ಬಾಚಿ ಬಾಚಿ ತೆಗೆದಳು. ಪೇಪರಿನಲ್ಲಿ 'ಕಾಲು ಜಾರಿ ಬಿದ್ದು ಸಾವು' ಎಂದು ಬಂತು. ನಮ್ಮವರ ಕಾಲು ಯಾವಾಗಲೂ ಗುಂಡಿಯ ಹತ್ತಿರವೇ ಜಾರುತ್ತದೆ, ಅದೇನೋ ಕಾಯಿಲೆ ಇರಬೇಕು. ಅಪ್ಪನನ್ನು ತೊಳೆದ ಮೇಲೆ ಅಮ್ಮ ಯೋಗೀಶನ ಕೈಯನ್ನು ಅಪ್ಪನ ಎದೆಯ ಮೇಲೆ ಇಡಿಸಿ, ಇಳಿಯುವುದಿಲ್ಲವೆಂದು ಆಣೆ ಹಾಕಿಸಿದಳು. ಯೋಗೀಶ ಇಳಿಯಲಿಲ್ಲ. ಕಕ್ಕಸು ತೊಳೆದ, ಎಂಜಲು ಹೊತ್ತ, ಬೈಸಿಕೊಂಡ. ಇಳಿಯಲಿಲ್ಲ.

ಮೇಳ ಶುರುವಾಯಿತು. ಮೊದಲು ಪೂಜೆ. ಯಂತ್ರಗಳಿಗೆಲ್ಲ ಹೂವು ಹಾಕಿ, ಆರತಿ ಎತ್ತಿ, ಕಾಯಿ ಒಡೆದರು. ಜಪಾನಿನವಳಲ್ಲವೇ ನಾನು, ನನಗೆ ಮೊದಲ ಮರ್ಯಾದೆ. ಭಟ್ಟರು ಹತ್ತಿರ ಬಂದು ನನ್ನ ಫೈಬರಿನ ಹಣೆಗೆ ಕುಂಕುಮ ಇಟ್ಟರು, ಎದೆಗೆ ಗಂಧ ಹಚ್ಚಿದರು, ಕೊರಳಿಗೆ ಸೇವಂತಿಗೆ ಮಾಲೆ ಹಾಕಿದರು. ಇದೇ ಭಟ್ಟರು ಇದೇ ಹಾಲಿಗೆ ಮದುವೆ ಮಾಡಿಸಲು ಬಂದಾಗ ನಾನು ಪೊರಕೆ ಹಿಡಿದು ಎದುರಾದರೆ ಪಂಚೆ ಎತ್ತಿಕೊಂಡು ಗೋಡೆಯ ಬದಿಗೆ ಹೋಗುತ್ತಾರೆ. ಅವತ್ತು ಅವರ ಉಸಿರು ಬಲೆಯೊಳಗೆ ಬಂದು ನನ್ನ ಮೂಗಿಗೆ ತಾಗಿತು. ಏಲಕ್ಕಿ ವಾಸನೆ. ನಮ್ಮ ಕುಲಕ್ಕೆ ಅಷ್ಟು ಹತ್ತಿರ ಆ ವಾಸನೆ ಬಂದದ್ದು ಅದೇ ಮೊದಲಿರಬೇಕು.

ಆಮೇಲೆ ಜನ. ರೇಷ್ಮೆ ಸೀರೆಯ ಒಬ್ಬ ಹೆಂಗಸು ನನ್ನನ್ನು ಬಾಚಿ ತಬ್ಬಿಕೊಂಡು ಕೆನ್ನೆಗೆ ಕೆನ್ನೆ ಒತ್ತಿದಳು. ಗಂಡ ಫೋಟೋ ತೆಗೆದ. ಸರಿ ಬರಲಿಲ್ಲವೆಂದು ಮತ್ತೊಮ್ಮೆ ತಬ್ಬಿದಳು. ನಾನು ಬಸ್ಸಿನಲ್ಲಿ ಕೂತರೆ ಪಕ್ಕದ ಸೀಟು ಕೊನೆಯ ಸ್ಟಾಪು ಸ್ಟೇಟ್ ಬ್ಯಾಂಕಿನವರೆಗೂ ಖಾಲಿ ಇರುತ್ತದೆ. ಅವತ್ತು ನನ್ನ ಪಕ್ಕ ಜಾಗಕ್ಕೆ ಜಗಳ. ಮಕ್ಕಳು ಹೊಟ್ಟೆಗೆ ಗುದ್ದಿದರು. ನೋವಾಗುತ್ತದೋ ಎಂದು ನೋಡಲು ಒಬ್ಬ ಹುಡುಗಿ ಪೆನ್ಸಿಲು ಚುಚ್ಚಿದಳು. ನೋವಾಯಿತು. ರೋಬೋಟಿಗೆ ನೋವಾಗುವುದಿಲ್ಲ ಎಂದು ಅವಳ ಅಪ್ಪ ವಿವರಿಸಿದ.

"ಡ್ಯಾನ್ಸ್! ಡ್ಯಾನ್ಸ್!"

ಸ್ಟೇಜಿನ ಮೇಲೆ ಅಶ್ಮಿತಾ ಇದ್ದಳು. ಕಾರ್ಯಕ್ರಮ ನಡೆಸಿಕೊಡುವ ಹುಡುಗಿ. ಒಳಗೆ ಮನುಷ್ಯರಿದ್ದಾರೆ ಎಂದು ಗೊತ್ತಿದ್ದವರಲ್ಲಿ ಅವಳೂ ಒಬ್ಬಳು. ಅವಳ ಮೊಬೈಲಿಗೂ ನನ್ನ ಎದೆಯೊಳಗಿನ ಸ್ಪೀಕರಿಗೂ ಸಂಬಂಧ. ಅವಳು ಒತ್ತಿದರೆ ನನ್ನ ಎದೆಯಿಂದ ಒಬ್ಬ ಗಂಡಸು ಮಾತಾಡುತ್ತಾನೆ: "ನಮಸ್ಕಾರ ಮಂಗಳೂರು. ನಾನು ನಿಮಗೆ ಯಾವ ಸಹಾಯ ಮಾಡಬಹುದು?" ಜನ ಚಪ್ಪಾಳೆ ತಟ್ಟುತ್ತಾರೆ. ಹಾಡು ಹಾಕಿದರು. ನಾನು ಕುಣಿದೆ.

ನಾವು ಕೊರಗರು. ಕುಣಿಯುವುದು ನಮಗೆ ಹೊಸತಲ್ಲ. ನಮ್ಮಜ್ಜನ ಕಾಲದಲ್ಲಿ ಅಜಲು ಎಂದು ಒಂದಿತ್ತು. ಊರವರ ಮನೆಯಲ್ಲಿ ಏನೇ ಆದರೂ ಬೇಲಿಯ ಹೊರಗೆ ನಿಂತು ಪುಕ್ಕಟೆ ಡೋಲು ಬಡಿಯಬೇಕು. ಕುಣಿ ಎಂದಾಗ ಕುಣಿಯಬೇಕು. ಅವರು ಉಂಡು ಬಿಟ್ಟದ್ದನ್ನು ಉಣ್ಣಬೇಕು. ಅಜ್ಜನ ಮೊಣಕಾಲು ಬಾತುಕೊಂಡಿದ್ದ ದಿನ ಕುಣಿಯುವುದಿಲ್ಲವೆಂದನಂತೆ. ಕಾಲಿಗೆ ಕಲ್ಲು ಹೊಡೆದು ಕುಣಿಸಿದರಂತೆ. ಆಮೇಲೆ ಸರಕಾರ ಕಾನೂನು ಮಾಡಿ ಅಜಲನ್ನು ನಿಲ್ಲಿಸಿತು. ಈಗ ಕೊರಗರನ್ನು ಯಾರೂ ಕುಣಿಸುವುದಿಲ್ಲ. ರೋಬೋಟನ್ನು ಕುಣಿಸುತ್ತಾರೆ. ಒಳಗೆ ಯಾರು ಎಂದು ಕಾನೂನು ಕೇಳುವುದಿಲ್ಲ.

ಕುಣಿತ ಮುಗಿದ ಮೇಲೆ ಅಶ್ಮಿತಾ ಜನರನ್ನು ಸ್ಟಾಲುಗಳ ಎದುರು ಕರೆದೊಯ್ದಳು. ಅವಳ ಹಿಂದೆ ನಾನು, ಗಿಲಿಗಿಲಿ ಲೈಟು ಹಾಕಿಕೊಂಡು. ನನಗೂ ಲೋಕಜ್ಞಾನ ಬಂತು. ಯುರೋಪಿನಲ್ಲಿ ದನದ ಹಾಲು ಕರೆಯುವ ರೋಬೋಟ್ ಇದೆಯಂತೆ. ದನಕ್ಕೆ ಬೇಕೆನಿಸಿದಾಗ ತಾನೇ ಹೋಗಿ ನಿಲ್ಲುತ್ತದಂತೆ. ಅಲ್ಲಿ ದನವನ್ನೂ ಒತ್ತಾಯ ಮಾಡುವುದಿಲ್ಲ ನೋಡಿ. ಅಮೆರಿಕದ್ದು ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಕಲ್ಲು ಹೆಕ್ಕುತ್ತಿದೆಯಂತೆ. ಬಾಂಬು ತೆಗೆಯುವುದೊಂದು, ಆಪರೇಷನ್ ಮಾಡುವುದೊಂದು, ಕಾರಿಗೆ ಬಣ್ಣ ಹೊಡೆಯುವುದೊಂದು, ಮುದುಕರನ್ನು ಹಾಸಿಗೆಯಿಂದ ಎಬ್ಬಿಸುವುದೊಂದು. ನಾಯಿಯ ಹಾಗೆ ನಡೆಯುವುದೂ ಒಂದಿತ್ತು, ಉಚ್ಚೆ ಹೊಯ್ಯುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಮನೆ ಗುಡಿಸುವ ತಟ್ಟೆಯಂಥದ್ದೂ ಇತ್ತು. ಅದು ಸೋಫಾದಡಿ ಸಿಕ್ಕಿಕೊಂಡರೆ ಮನೆಯವರೆಲ್ಲ ಬಗ್ಗಿ, ಪಾಪ ಎಂದು ಹೊರಗೆ ಎಳೆಯುತ್ತಾರಂತೆ.

ಕೆಲವು ನಿಜವಾದವು, ಹೆಚ್ಚಿನವು ಚಿತ್ರಗಳು. ಚಿತ್ರವೊಂದರ ಎದುರು ಅಲಿಯಬ್ಬ ಎಂಬ ಹಿರಿಯರು ನಿಂತಿದ್ದರು. ಬಂದರಿನಲ್ಲಿ ಅಂಗಡಿ ಇರುವವರು, ಮೊದಲು ಗಲ್ಫಿನಲ್ಲಿದ್ದವರು, ನಮ್ಮ ಹಾಲಿಗೆ ಮದುವೆಗೆ ಬಂದು ಗುರುತು. ಜೊತೆಯಲ್ಲಿ ಮೊಮ್ಮಗಳು ಝಹ್ರಾ. ಚಿತ್ರದಲ್ಲಿ ಓಡುವ ಒಂಟೆಯ ಬೆನ್ನಿನ ಮೇಲೆ ಕೈಯಷ್ಟು ದೊಡ್ಡ ಗೊಂಬೆಗೆ ಟೊಪ್ಪಿ ಹಾಕಿ ಕೂರಿಸಿತ್ತು.

"ಇದು ನಾನು ಕಣ್ಣಾರೆ ನೋಡಿದ್ದು ಪುಟ್ಟಾ. ಮೊದಲು ಇದರ ಮೇಲೆ ಸಣ್ಣ ಸಣ್ಣ ಮಕ್ಕಳನ್ನು ಕೂರಿಸ್ತಿದ್ರು. ಬಡವರ ಮಕ್ಕಳು. ಬಿದ್ದು ಸಾಯ್ತಿದ್ರು. ಮತ್ತೆ ಕಾನೂನು ಬಂತು, ರೋಬೋಟ್ ಬಂತು."

"ಈಗ ಮಕ್ಕಳನ್ನು ಕೂರಿಸುದಿಲ್ವಾ ಅಜ್ಜಾ?"

"ಇಲ್ಲ. ರೋಬೋಟ್ ಬಂದ ಮೇಲೆ ಯಾಕೆ?"

ಯಾಕೆ ಎಂದು ಕೇಳುವ ನಾಡು ಅದು. ನಮಗೂ ಕಾನೂನು ಬಂದು ಹಳತಾಯಿತು. ಗುಂಡಿಗೆ ಮನುಷ್ಯರನ್ನು ಇಳಿಸಿದರೆ ಜೈಲು. ರೋಬೋಟೂ ಬಂದು ಅಲ್ಲೇ ನಾಲ್ಕು ಸ್ಟಾಲಿನಾಚೆ ಮಾಲೆ ಹಾಕಿಕೊಂಡು ನಿಂತಿತ್ತು. ಜೇಸನ್ ಅದನ್ನು ಮರಳು ತುಂಬಿದ ಟಬ್ಬಿಗೆ ಇಳಿಸಿ ತೋರಿಸುತ್ತಿದ್ದ. ಒಳ್ಳೆ ಜರಡಿ ಹಿಡಿದ ಬಿಳಿ ಮರಳು.

ಮಧ್ಯಾಹ್ನ ನನ್ನನ್ನು ಹಿಂದಿನ ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಬಾಗಿಲಿಗೆ ಒಂದು ಬೋರ್ಡು: 'ರೋಬೋಟ್ ಚಾರ್ಜಿಗಿದೆ. ದಯವಿಟ್ಟು ತೊಂದರೆ ಕೊಡಬೇಡಿ.' ಈ ಹಾಲಿನಲ್ಲಿ ಕೆಲಸಕ್ಕೆ ಸೇರಿದಂದಿನಿಂದ ನನಗೆ ವಿಶ್ರಾಂತಿ ಎಂದು ಸಿಕ್ಕಿದ್ದು ಅದೊಂದೇ. ತಲೆ ತೆಗೆದಿಟ್ಟೆ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಬೆಳಿಗ್ಗೆಯಿಂದ ಉಚ್ಚೆಗೆ ಹೋಗಿರಲಿಲ್ಲ. ವೇಷ ಬಿಚ್ಚಲು ಹೊತ್ತಾಗುತ್ತದೆಂದು ಲೋಕನಾಥಣ್ಣ ನೀರನ್ನೂ ಅಳೆದೇ ಕೊಟ್ಟಿದ್ದ. ನಾಯಿ ರೋಬೋಟಿನ ಹೆಚ್ಚುಗಾರಿಕೆ ನನಗೂ ಬಂದಿತ್ತು.

ಆಗ ವಾಸನೆ ಬಂತು. ಅದನ್ನು ನಮಗೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ.

ಸ್ಟೋರಿನ ಕಿಟಕಿ ಹಿಂದಿನ ಅಂಗಳಕ್ಕೆ ತೆರೆಯುತ್ತದೆ. ಅಂಗಳದಲ್ಲಿ ಡ್ರೈನೇಜಿನ ಚೇಂಬರ್. ಅದರ ಮುಚ್ಚಳದ ಸುತ್ತ ಕಪ್ಪು ನೀರು ಗುಳುಗುಳು ಮೇಲೇಳುತ್ತಿತ್ತು. ಮೇಳದ ಜನವೆಲ್ಲ ಬಿರಿಯಾನಿ ಉಂಡು ಕಕ್ಕಸಿಗೆ ಹೋದದ್ದೇ, ಒಳಗೆಲ್ಲೋ ಬ್ಲಾಕ್ ಆಗಿತ್ತು. ನೀರು ಹಾಲಿನ ಹಿಂಬಾಗಿಲ ಕಡೆಗೆ ಹರಿಯುತ್ತಿತ್ತು. ಲೋಕನಾಥಣ್ಣ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ, ಪಕ್ಕದಲ್ಲಿ ಜೇಸನ್. ಫೋನಿನಲ್ಲಿ ಯಾರಿಗೋ ಬೈದು ಇಟ್ಟ.

"ಗುಂಡಿ ನೀರು ಎಳೆಯುವ ಸಕ್ಕಿಂಗ್ ಗಾಡಿ ಸಂಜೆಗೆ ಬರುದಂತೆ. ಜೇಸನ್, ನಿಮ್ಮ ಮೆಷಿನ್ ಉಂಟಲ್ಲ. ತನ್ನಿ ಮಾರ್ರೆ. ಡೆಮೋ ಆದ ಹಾಗೂ ಆಯ್ತು."

ಜೇಸನ್ ಎರಡು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ಇಲ್ಲ ಸರ್. ಅದು ಡಿಸ್‌ಪ್ಲೇ ಪೀಸ್. ನಾಳೆ ಬೇರೆ ಊರಲ್ಲಿ ಶೋ ಉಂಟು. ಈ ಗ್ಯಾಸಿಗೆ ಸೆನ್ಸರ್ ಹಾಳಾಗ್ತದೆ. ಲೆನ್ಸಿಗೆ ಕೊಳೆ ಹಿಡಿದ್ರೆ ಕಂಪೆನಿಯವರು ನನ್ನನ್ನು ಬಿಡುದಿಲ್ಲ."

"ಗ್ಯಾಸಿಗೆ ಹಾಳಾಗ್ತದಾ?"

"ಹಾಳಾಗ್ತದೆ ಸರ್. ತುಂಬ ಸೂಕ್ಷ್ಮ."

ಲೋಕನಾಥಣ್ಣ ತಲೆ ಅಲ್ಲಾಡಿಸಿದ. ಅವನಿಗೆ ಅರ್ಥವಾಯಿತು. ಸೂಕ್ಷ್ಮ ಇರುವುದನ್ನು ಇಳಿಸಬಾರದು. ಆಚೆ ತಿರುಗಿ ಕರೆದ.

"ಯೋಗೀಶ! ಹಾರೆ ತಗೊಂಡು ಬಾ. ಹಗ್ಗವೂ."

ನಾನು ಕಿಟಕಿಗೆ ಹತ್ತಿರವಾದೆ.

"ನಾನು ಇಳಿಯುದಿಲ್ಲ ಲೋಕನಾಥಣ್ಣ. ನಿಮಗೆ ಗೊತ್ತುಂಟಲ್ಲ" ಎಂದ ಯೋಗೀಶ.

"ಐದು ನಿಮಿಷದ ಕೆಲಸ ಮಾರಾಯ. ಸೊಂಟದವರೆಗೆ ಇಳಿ, ಒಂದು ಸಲ ಕೈ ಹಾಕು, ಹತ್ತು. ಒಳಗೆ ಎಷ್ಟು ದೊಡ್ಡ ದೊಡ್ಡವರು ಇದ್ದಾರೆ ನೋಡು."

"ಅಪ್ಪನಿಗೂ ಐದು ನಿಮಿಷ ಅಂತಲೇ ಹೇಳಿದ್ದು."

"ನಿನ್ನಪ್ಪ ಕುಡಿದಿದ್ದ."

"ಅಪ್ಪ ಕುಡೀತಿರ್ಲಿಲ್ಲ."

ಲೋಕನಾಥಣ್ಣ ಕರ್ಚೀಫು ತೆಗೆದ. ಧ್ವನಿ ಇಳಿಸಿದ. "ನೋಡು. ನಿನ್ನ ಹೆಂಡತಿಗೆ ತಿಂಗಳು ತುಂಬ್ತಾ ಬಂತು. ನಾಳೆಯಿಂದ ನೀನೂ ಬರ್ಬೇಡ, ನಿನ್ನ ಅಕ್ಕನೂ ಬರ್ಬೇಡ. ಮತ್ತೆ ಮಂಗಳೂರಲ್ಲಿ ಯಾರು ಕೆಲಸ ಕೊಡ್ತಾರೆ ಅಂತ ನಾನೂ ನೋಡ್ತೇನೆ. ನಿಮ್ಮವರಿಗೆ ಇದು ಗೊತ್ತಿರುವ ಕೆಲಸ ಅಲ್ವಾ? ಹೊಸತು ಎಂತ ಹೇಳಿದೆ ನಾನು?"

ಯೋಗೀಶ ನೀರನ್ನು ನೋಡಿದ. ಆಮೇಲೆ ಅಂಗಿಯ ಗುಂಡಿ ಬಿಚ್ಚತೊಡಗಿದ. ಬಿಚ್ಚಿ, ಮಡಚಿ, ಗೋಡೆಯ ಮೇಲಿಟ್ಟ. ನಮ್ಮಪ್ಪನೂ ಹಾಗೇ ಮಡಚಿಡುತ್ತಿದ್ದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ.

ನಾನು ಕಿಟಕಿಯಿಂದ ಕೂಗಬಹುದಿತ್ತು. ಹೇಮಾಕ್ಷಿ ಕೂಗಿದರೆ ಯಾರು ಕೇಳುತ್ತಾರೆ? 'ಬಾಯಿ ಮುಚ್ಚು' ಎಂದು ಕಿಟಕಿ ಹಾಕುತ್ತಾರೆ. ಹೇಮಾಕ್ಷಿ ಸ್ಟೇಜಿಗೆ ಹೋಗಿ ಅತ್ತರೆ ವಾಚ್‌ಮನ್ ಬಂದು ಎಳೆದುಕೊಂಡು ಹೋಗುತ್ತಾನೆ. ರೋಬೋಟನ್ನು ಯಾರೂ ಎಳೆಯುವುದಿಲ್ಲ. ರೋಬೋಟ್ ಹೋದಲ್ಲಿಗೆ ಮಕ್ಕಳು ಬರುತ್ತಾರೆ. ಮಕ್ಕಳ ಹಿಂದೆ ತಾಯಂದಿರು ಬರುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲಿರುತ್ತದೆ.

ತಲೆ ಎತ್ತಿ ಹಾಕಿಕೊಂಡೆ. ಬಾಗಿಲು ದೂಡಿದೆ. ಹೊರಗೆ ಮಕ್ಕಳ ದೊಡ್ಡ ಗುಂಪು ಚಾರ್ಜಾಗುವುದನ್ನೇ ಕಾಯುತ್ತಿತ್ತು.

"ಬಂತು! ಬಂತು!"

ಅಶ್ಮಿತಾ ಸ್ಟೇಜಿನ ಕಡೆಗೆ ಕೈ ತೋರಿಸಿದಳು. ನಾನು ಎಡಕ್ಕೆ ತಿರುಗಿದೆ. ಕಾರಿಡಾರಿನಲ್ಲಿ ಧಡಧಡ ನಡೆದೆ. ಆ ವೇಷದಲ್ಲಿ ಓಡಲಿಕ್ಕಾಗುವುದಿಲ್ಲ, ಆದರೂ ಓಡಿದೆ. ತೊಡೆ ಕೆತ್ತಿ ಚರ್ಮ ಕಿತ್ತುಬಂತು. "ರೋಬೋಟ್ ಹೊರಗೆ ಹೋಗ್ತಾ ಉಂಟು!" ಎಂದು ಮಕ್ಕಳು ಕಿರುಚಿಕೊಂಡು ಹಿಂದೆ ಬಂದವು. ಹಿಂಬಾಗಿಲು ದಾಟಿದೆ. ಯೋಗೀಶ ಹಾರೆಯನ್ನು ಮುಚ್ಚಳದ ಸಂದಿಗೆ ಹಾಕಿ ಇನ್ನೇನು ಎತ್ತಬೇಕು, ನಾನು ಹೋಗಿ ಮುಚ್ಚಳದ ಮೇಲೆ ಕೂತೆ. ದೊಪ್ಪೆಂದು ಕೂತೆ. ಕಪ್ಪು ನೀರು ಚಿಮ್ಮಿ ಲೋಕನಾಥಣ್ಣನ ಬಿಳಿ ಪ್ಯಾಂಟಿಗೆ ಬಿತ್ತು.

ಮಕ್ಕಳು ಚಪ್ಪಾಳೆ ತಟ್ಟಿದವು.

ಅಂಗಳ ತುಂಬಿತು. ಮೂಗು ಮುಚ್ಚಿದ ಕೈ ಒಂದು, ಮೊಬೈಲು ಎತ್ತಿದ ಕೈ ಒಂದು. ಲೋಕನಾಥಣ್ಣ ಹಲ್ಲು ಕಿರಿದು, ಬಲೆಯ ಹತ್ತಿರ ಬಾಯಿ ತಂದ. ಹೊರಗಿನವರಿಗೆ ಅವನು ಯಂತ್ರ ಪರೀಕ್ಷೆ ಮಾಡಿದ ಹಾಗೆ ಕಂಡಿರಬೇಕು.

"ಏಳು ಹೇಮಾ. ನನ್ನ ಮಾನ ತೆಗೀಬೇಡ. ನಾಳೆಯಿಂದ ನೀನಿಲ್ಲ, ಹೇಳಿದ್ದೇನೆ."

"ಈಗ್ಲೂ ನಾನಿಲ್ಲ ಅಲ್ವಾ ಲೋಕನಾಥಣ್ಣ? ಜಪಾನಿಂದು ಅಲ್ವಾ ನಾನು?"

ಅವನು ನನ್ನ ತೋಳು ಹಿಡಿದು ಎಳೆದ. ಮಕ್ಕಳು "ಹೇ, ಹೇ" ಎಂದವು. ಬಿಟ್ಟುಬಿಟ್ಟ. ಜನರ ಕಡೆ ತಿರುಗಿ, "ಸಾಫ್ಟ್‌ವೇರ್ ಪ್ರಾಬ್ಲೆಮ್. ಎಲ್ಲ ಒಳಗೆ ಹೋಗಿ, ಒಳಗೆ ಹೋಗಿ" ಎಂದ. ಅಶ್ಮಿತಾ ಗಾಬರಿಯಲ್ಲಿ ಮೊಬೈಲಿನಲ್ಲಿ ಏನೋ ಒತ್ತಿದಳು. ಹೇಲು ನೀರಿನ ನಡುವೆ ಕೂತ ನನ್ನ ಎದೆಯಿಂದ ಆ ಗಂಡಸು ಗಂಭೀರವಾಗಿ ಕೇಳಿದ: "ನಮಸ್ಕಾರ ಮಂಗಳೂರು. ನಾನು ನಿಮಗೆ ಯಾವ ಸಹಾಯ ಮಾಡಬಹುದು?"

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಲಿಯಬ್ಬ ನಗಲಿಲ್ಲ. ಅವರು ಯೋಗೀಶನನ್ನು ನೋಡುತ್ತಿದ್ದರು.

"ಲೋಕನಾಥರೇ, ಈ ಹುಡುಗ ಯಾಕೆ ಅಂಗಿ ತೆಗ್ದು ನಿಂತದ್ದು?"

"ಅದು... ಸೆಖೆ ಅಲ್ವಾ ಸಾಹೇಬ್ರೇ."

"ಸೆಖೆಗೆ ಹಗ್ಗ ಯಾಕೆ?"

ಅಜ್ಜನ ಕೈ ಹಿಡಿದಿದ್ದ ಝಹ್ರಾ ಕೇಳಿದಳು: "ಗುಂಡಿಗೆ ಇಳಿಯುವ ರೋಬೋಟ್ ಒಳಗೆ ಉಂಟಲ್ಲ. ಅದನ್ನು ಯಾಕೆ ತರುದಿಲ್ಲ?"

ಎಲ್ಲರೂ ಜೇಸನ್ ಕಡೆ ನೋಡಿದರು. ಅವನು ಕೊರಳಿನ ಕಾರ್ಡನ್ನು ಅಂಗಿಯೊಳಗೆ ತೂರಿಸಿಕೊಳ್ಳುತ್ತಿದ್ದ. "ಇಲ್ಲಿ ಗ್ಯಾಸ್ ಉಂಟು. ಸೆನ್ಸರ್ ಹಾಳಾಗ್ತದೆ" ಎಂದ. ಮೆಲ್ಲಗೇ ಹೇಳಿದ. ಎಲ್ಲರಿಗೂ ಕೇಳಿಸಿತು.

ಆಗ ನಾನು ತಲೆ ತೆಗೆದೆ.

ಗಾಳಿ ಮುಖಕ್ಕೆ ಬಡಿಯಿತು. ಗಬ್ಬು ಗಾಳಿ. ಆದರೂ ಗಾಳಿ. ಕೂದಲೆಲ್ಲ ಬೆವರಿಗೆ ಮುಖಕ್ಕೆ ಅಂಟಿತ್ತು. ಯೋಗೀಶ "ಅಕ್ಕ" ಎಂದ. ಕಕ್ಕಸು ತೊಳೆಯುವವಳು ಎಂದು ಯಾರೋ ಪಿಸುಗುಟ್ಟಿದರು. ಬೆಳಿಗ್ಗೆ ತಬ್ಬಿಕೊಂಡಿದ್ದ ರೇಷ್ಮೆ ಸೀರೆಯ ಹೆಂಗಸು ಎದುರಿಗೇ ಇದ್ದಳು. ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು. ಸೆರಗಿನಿಂದ ಉಜ್ಜಿದಳು, ಮತ್ತೆ ಉಜ್ಜಿದಳು. ಭಟ್ಟರು ತಮ್ಮ ಬೆರಳುಗಳನ್ನು ನೋಡಿಕೊಂಡರು. ಕುಂಕುಮ ಇನ್ನೂ ಇತ್ತು.

"ಹೌದು, ನಾನೇ. ಹೇಮಾಕ್ಷಿ. ಮಾಯಿಲಪ್ಪನ ಮಗಳು. ಕುಲಶೇಖರದ ಗುಂಡಿಯಲ್ಲಿ ಸತ್ತನಲ್ಲ, ಆ ಮಾಯಿಲಪ್ಪ. ನೀವು ಬೆಳಿಗ್ಗೆಯಿಂದ ಮುಟ್ಟಿದ್ದು ನನ್ನನ್ನೇ. ಮುಟ್ಟಿದ್ದಕ್ಕೆ ಯಾರೂ ಸಾಯ್ಲಿಲ್ಲ. ಇದರೊಳಗೆ ಇಳಿದವರು ಸಾಯ್ತಾರೆ. ಇವನು ನನ್ನ ತಮ್ಮ. ಇವನು ಇಳಿಯುದಿಲ್ಲ."

ನನಗೆ ಹೆದರಿಕೆ ಇತ್ತು. ಸಿಟ್ಟು ಅದಕ್ಕಿಂತ ಹೆಚ್ಚಿತ್ತು. "ಸೆನ್ಸರ್ ಹಾಳಾಗ್ತದಂತೆ. ನಮ್ಮ ಅಪ್ಪನಿಗೆ ಸೆನ್ಸರ್ ಇರ್ಲಿಲ್ವಾ? ಮೂಗು ಇತ್ತು. ಬಾಯಿ ಇತ್ತು. ಅದು ಹಾಳಾಗುದನ್ನು ನಾನು ನೋಡಿದ್ದೇನೆ."

ಯೋಗೀಶ ಸೊಂಟದ ಹಗ್ಗ ಬಿಚ್ಚಿದ. ಬಿಚ್ಚಿ ಜೇಸನ್‌ನ ಕಾಲ ಬಳಿ ಇಟ್ಟ. ಎಸೆಯಲಿಲ್ಲ, ಇಟ್ಟ. "ಯಾನ್ ಜಪ್ಪುಜಿ" ಎಂದ. ಇಳಿಯುವುದಿಲ್ಲ ಎಂದು ಅವನು ಹೇಳಿದ್ದು ಅವತ್ತು ಅದು ಎರಡನೆಯ ಸಲ. ಈ ಸಲ ತುಳುವಿನಲ್ಲಿ, ಅಮ್ಮನಿಗೆ ಆಣೆ ಕೊಟ್ಟ ಭಾಷೆಯಲ್ಲಿ. ಆಮೇಲೆ ಬಂದು ನನ್ನ ಪಕ್ಕ, ಮುಚ್ಚಳದ ಉಳಿದ ಜಾಗದ ಮೇಲೆ ಕೂತ.

ನೀರು ನಮ್ಮ ಸುತ್ತ ಹರಿದು ಹಿಂಬಾಗಿಲ ಹೊಸ್ತಿಲು ದಾಟಿತು. ಒಳಗೆ ಕೆಂಪು ಕಾರ್ಪೆಟ್ಟು ಹಾಸಿದ್ದರು. "ರೋಬೋಟುಗಳನ್ನು ಎತ್ತಿ, ಎತ್ತಿ! ಟೇಬಲ್ ಮೇಲಿಡಿ!" ಎಂದು ಯಾರೋ ಕಿರುಚಿದರು. ನಮ್ಮ ಜೊತೆಯ ಕೆಲಸದವರು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಒಬ್ಬರೂ ಅಲ್ಲಾಡಲಿಲ್ಲ. ಕೈ ಕಟ್ಟಿಕೊಂಡು ನಮ್ಮನ್ನೇ ನೋಡುತ್ತಿದ್ದರು.

ಲೋಕನಾಥಣ್ಣನಿಗೆ ತಡೆಯಲಾಗಲಿಲ್ಲ. ಮೊಬೈಲು, ಜನ, ಮಾನ ಎಲ್ಲ ಮರೆತು ಕೂಗಿದ.

"ಮತ್ತೆ ಯಾರು ಇಳಿಯುದು? ಹಾಂ? ಯಾರಾದ್ರೂ ಒಬ್ರು ಇಳಿಯಲೇಬೇಕಲ್ಲ!"

ಬೆಳ್ಳಿ ಬಣ್ಣದ ತಲೆ ನನ್ನ ಮಡಿಲಲ್ಲಿತ್ತು. ನೀಲಿ ಕಣ್ಣು ಇನ್ನೂ ಮಿನುಗುತ್ತಿತ್ತು. ಹಣೆಯ ಕುಂಕುಮ ಚಿಮ್ಮಿದ ನೀರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ಎರಡೂ ಕೈಯಲ್ಲಿ ಎತ್ತಿ ಅವನ ಎದುರಿಗೆ ಹಿಡಿದೆ.

"ಇಗೊಳ್ಳಿ. ಇದನ್ನು ಹಾಕ್ಕೊಳ್ಳಿ. ಫಾರಿನ್ ಮಾಲು. ಹೊರಗಿನ ವಾಸನೆ ಒಳಗೆ ಬರ್ಲಿಕ್ಕಿಲ್ಲ ಅಂತ ನೀವೇ ಹೇಳಿದ್ದಲ್ವಾ."

ಅವನು ತಲೆಯನ್ನು ನೋಡಿದ. ನನ್ನನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಹೋದ. ಹಿಂದೆ ಇದ್ದದ್ದು ಹೇಲು ನೀರು. ಶೂ ಮುಳುಗಿತು. ಅಲ್ಲೇ ನಿಂತ.

ಕೈ ಸೋಲುತ್ತಿತ್ತು. ನಾನು ಇಳಿಸಲಿಲ್ಲ.